ಗಂಟೆ ಹೊಡೆಯದೆ ಹೊರಡದ ಕಾರು

ಹೆಸರು ಡ್ರೈವರಪ್ಪ, ಮನೆಯಲ್ಲಿ ಸೈಕಲ್ಲಿಗೂ ಗತಿಯಿಲ್ಲ ಎಂದು ದೊಡ್ಡವರು ಗಾದೆ ಮಾಡಿದ್ದಾರೆ. ಮಾಡಿಲ್ಲವೇ? ಅವರು ಕ್ಷೀರಸಾಗರ, ಮಜ್ಜಿಗೆ ಎಂದೇನೋ ಹೇಳಿದ್ದು ನಿಜ. ಆದರೆ ಅವರು ನಂದಿದುರ್ಗ ಗಣಿಯ ಮುನಿನಾರಾಯಣಪ್ಪನನ್ನು ನೋಡಿರಲಿಲ್ಲ. ನೋಡಿದ್ದರೆ ಮಜ್ಜಿಗೆಯ ಸುದ್ದಿಗೇ ಹೋಗುತ್ತಿರಲಿಲ್ಲ. ಇದು ಕಟ್ಟಿದ ಕತೆಯಲ್ಲ, ನಡೆದದ್ದು. ನಂಬದವರು ಗಣಿ ಲೈನಿಗೆ, ಅಂದರೆ ಕೆಲಸಗಾರರ ಸಾಲುಮನೆಗಳಿಗೆ, ಹೋಗಿ, ಮೂರನೆಯ ಸಾಲಿನ ಕೊನೆಯ ಮನೆಯ ಬಾಗಿಲಿಗೆ ಹೊಡೆದಿರುವ ತಗಡಿನ ಬೋರ್ಡು ನೋಡಿಕೊಂಡು ಬರಬಹುದು. 'ಎಂ. ಮುನಿನಾರಾಯಣಪ್ಪ, ಡ್ರೈವರ್' ಎಂದು ಬಿಳಿ ಬಣ್ಣದಲ್ಲಿದೆ. ಅದರ ಕೆಳಗೆ ಸೀಮೆಸುಣ್ಣದಲ್ಲಿ ಇನ್ನೊಂದು ಸಾಲಿದೆ. ಆ ಸಾಲು ಹೇಗೆ ಬಂತು ಎನ್ನುವುದೇ ಈ ಕತೆ.

ಮುನಿನಾರಾಯಣಪ್ಪ ಡ್ರೈವರ್ ಹೌದು. ರಸ್ತೆಯ ಮೇಲಿನ ಡ್ರೈವರ್ ಅಲ್ಲ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೇಜನ್ನು, ಅಂದರೆ ಆಳುಗಳನ್ನು ಪಾತಾಳಕ್ಕೆ ಇಳಿಸಿ ಮೇಲಕ್ಕೆತ್ತುವ ಕಬ್ಬಿಣದ ಪಂಜರವನ್ನು, ಓಡಿಸುತ್ತಿದ್ದವನು. ಇಪ್ಪತ್ತಾರು ವರ್ಷ ಎಂಜಿನ್ ಮನೆಯ ಕುರ್ಚಿಯಲ್ಲಿ ಕೂತು ಒಂದು ಹಿಡಿಕೆಯನ್ನು ಹಿಂದೆ ಮುಂದೆ ಮಾಡಿದ. ಕೇಜು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನಿಗೆ ಸಿಗುತ್ತಿದ್ದದ್ದು ಗಂಟೆಯ ಸದ್ದೊಂದೇ. ಓಡುವಾಗ ಒಂದು ಗಂಟೆಯಾದರೆ ನಿಲ್ಲಿಸು. ಎರಡಾದರೆ ಇಳಿಸು. ಮೂರಾದರೆ ಒಳಗೆ ಮನುಷ್ಯರಿದ್ದಾರೆ, ಜೋಪಾನವಾಗಿ ಹೊರಡು. ಗೋಡೆಯ ಮೇಲೆ ಕೆಂಪಕ್ಷರದ ಆಜ್ಞೆ ಬೇರೆ: 'ಎಂಜಿನ್ ಓಡುವಾಗ ಡ್ರೈವರ್ ಜೊತೆ ಮಾತನಾಡಬಾರದು.'

ಭೂಮಿಯ ಹೊಟ್ಟೆಯೊಳಗಿನಿಂದ ಆ ಗಂಟೆ ಹೊಡೆಯುತ್ತಿದ್ದವನು ಸೊಣ್ಣಪ್ಪ. ಕೆಲಸದ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ಆದರೂ ಮುನಿನಾರಾಯಣಪ್ಪ ತನ್ನ ಹೆಂಡತಿಯ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ಸೊಣ್ಣಪ್ಪನ ಗಂಟೆಯ ಜೊತೆ ಆಡಿದ್ದ. ಗಣಿ ಮುಚ್ಚಿದ ದಿನ ಕೊನೆಯ ಕೇಜಿನಲ್ಲಿ ಸೊಣ್ಣಪ್ಪನೇ ಮೇಲೆ ಬಂದು ಒಂದು ಗಂಟೆ ಹೊಡೆದ. ಮುನಿನಾರಾಯಣಪ್ಪ ನಿಲ್ಲಿಸಿದ. ಮುಂದಿನ ಗಂಟೆಗಾಗಿ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಕೂತ. ಅದು ಆಗಲೇ ಇಲ್ಲ. ಇಪ್ಪತ್ತನಾಲ್ಕು ವರ್ಷವಾಯಿತು. ಎಂಜಿನ್ನು ಹೋಯಿತು, ಊರಿಗೆಲ್ಲ ಹೊತ್ತು ಹೇಳುತ್ತಿದ್ದ ಸೈರನ್ನು ಹೋಯಿತು. ಬಾಗಿಲ ಮೇಲಿನ ತಗಡೊಂದು ಉಳಿಯಿತು.

ಆ ತಗಡಿಗೇ ಸಂಚಕಾರ ಬಂದದ್ದು ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಯಲ್ಲಿ.

ಎದುರಿನ ಮೈದಾನದಲ್ಲಿ ಬೆಂಗಳೂರಿನ ಯಾವುದೋ ಕಂಪನಿ ಶಾಮಿಯಾನ ಹಾಕಿ ಕರೆಂಟು ಕಾರೊಂದನ್ನು ನಿಲ್ಲಿಸಿತ್ತು. ಉದ್ದನೆಯದು, ನೇರಳೆಹಣ್ಣಿನ ಬಣ್ಣದ್ದು. ಬಾಗಿಲಿಗೆ ಹಿಡಿಯೇ ಕಾಣದು. ಹತ್ತಿರ ಹೋದರೆ ಒಳಗಡಗಿದ್ದ ಹಿಡಿ ಹೊಸ ಅಳಿಯನ ಹಾಗೆ ತಾನೇ ಮುಂದೆ ಬಂದು ಕೈ ಚಾಚುತ್ತಿತ್ತು.

"ಲೋ ಡ್ರೈವರ್, ನಿನ್ ಜನ್ಮದಲ್ಲಿ ಒಂದ್ ಕಾರ್ ಓಡಿಸಿದ್ದೀಯೇನ್ಲಾ?" ಸೊಣ್ಣಪ್ಪ ಕೇಳಿದ.

"ಲೈಸೆನ್ಸ್ ಐತೆ ಕಣ್ಲಾ."

ಲೈಸೆನ್ಸ್ ಇದ್ದದ್ದು ನಿಜ. ಎಂದೋ ಹನ್ನೆರಡು ಜನ ಗಣಿಯವರು ಸೇರಿ ಒಂದೇ ಹಳೆಯ ಕಾರಿನಲ್ಲಿ ಕಲಿತು ಗಿಟ್ಟಿಸಿದ್ದು. ಮುನಿನಾರಾಯಣಪ್ಪ ಅದನ್ನು ಅವಧಿ ಮುಗಿದಾಗಲೆಲ್ಲ ಡಾಕ್ಟರ ಚೀಟಿ ಹಚ್ಚಿ, ದೇವರ ದೀಪಕ್ಕೆ ಎಣ್ಣೆ ಹಾಕುವ ಹಾಗೆ ನವೀಕರಿಸುತ್ತಾ ಬಂದಿದ್ದ. ದೀಪ ಉರಿಯುತ್ತಿತ್ತು, ದೇವರೇ ಇರಲಿಲ್ಲ.

"ಲೈಸೆನ್ಸ್ ಐತೆ, ಕಾರೆಲ್ಲೈತೆ? ಬಂಗಾರಪೇಟೆಗಂಟ ಓಡಿಸ್ಕೊಂಡ್ ಓಗಿ ಬಾ, ಒಪ್ಕೊಂತೀನಿ. ಇಲ್ಲಾಂದ್ರೆ ಆ ತಗಡು ಬಿಚ್ಚಿ ಕೊಡು, ನಮ್ ಕೋಳಿ ಗೂಡ್ಗೆ ಸೂರು ಮಾಡ್ತೀನಿ. ಕೋಳಿ ಮೊಟ್ಟೆನಾದ್ರೂ ಇಕ್ತದೆ."

ಟೀ ಅಂಗಡಿಯೆಲ್ಲ ನಕ್ಕಿತು. ಮುನಿನಾರಾಯಣಪ್ಪನ ಟೀ ಮಾತ್ರ ಲೋಟದಲ್ಲೇ ಆರಿತು. ತಗಡು ಕೊಟ್ಟುಬಿಟ್ಟರೆ ಉಳಿಯುವುದು ಬರಿಯ ಮುನಿನಾರಾಯಣಪ್ಪ. ಅಂಥವರು ಆ ಲೈನಿನಲ್ಲೇ ನಾಲ್ಕು ಜನ ಇದ್ದರು.

"ಓಡಿಸ್ತೀನಿ," ಎಂದುಬಿಟ್ಟ.

ಸೊಣ್ಣಪ್ಪ ಕಾಯಲಿಲ್ಲ. ಶಾಮಿಯಾನಕ್ಕೆ ಹೋಗಿ, ಕಾರು ಓಡಿಸಿ ನೋಡುವ ಗಿರಾಕಿಗಳ ಫಾರಂ ತಾನೇ ತುಂಬಿದ. ಅನುಭವ: ಇಪ್ಪತ್ತಾರು ವರ್ಷ. ಗಾಡಿ: ಕರೆಂಟಿನದು. ಒಂದು ಸಲಕ್ಕೆ ಕೂರಿಸುತ್ತಿದ್ದ ಜನ: ನಲವತ್ತು. ಅಪಘಾತ: ಇಲ್ಲ. ಒಂದಕ್ಷರವೂ ಸುಳ್ಳಲ್ಲ. ಅದನ್ನು ಓದಿದ ನರೇಶನ ಕಣ್ಣು ಕಾರಿನ ದೀಪದಷ್ಟಾಯಿತು. ನರೇಶ ಕಂಪನಿಯ ಸೇಲ್ಸ್‌ಮನ್, ಬಂಗಾರಪೇಟೆಯವನು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಮರುದಿನ ಸಂಜೆಯೊಳಗೆ ಹತ್ತನೆಯ ಗಿರಾಕಿಯನ್ನು ಓಡಾಡಿಸಲೇಬೇಕಿತ್ತು. ದೇವರೇ ಹಳೆಯ ಎಲೆಕ್ಟ್ರಿಕ್ ಬಸ್ ಡ್ರೈವರನ್ನು ಕಳಿಸಿದ ಎಂದುಕೊಂಡ.

ಬೆಳಿಗ್ಗೆ ಹತ್ತಕ್ಕೆ ಕಾರು ಲೈನಿಗೆ ಬಂತು. ಸದ್ದಿಲ್ಲದೆ ಬಂದದ್ದರಿಂದ ಬೀದಿಯ ನಾಯಿಗಳು ಬೊಗಳುವುದಕ್ಕೂ ಮರೆತವು. ಜನ ಮಾತ್ರ ಮರೆಯಲಿಲ್ಲ. ಪಕ್ಕದ ಮನೆಯ ರಾಧಾಮಣಿ ಫೋನು ಹಿಡಿದು ಓಡಿಬಂದಳು.

"ತಾತಾ, ಕರೆಂಟ್ ಕಾರಂತಲ್ಲ, ಎಂಗಿದ್ರೂ ಓಗ್ತಿದ್ದೀರ, ಇದ್ನೂ ಅಂಗೇ ಚಾರ್ಜ್ ಆಕ್ಕೊಂಡ್ ಬಂದ್ಬಿಡಿ," ಎಂದು ಫೋನನ್ನು ಸೀಟಿನ ಮೇಲಿಟ್ಟಳು.

ಚಾರ್ಜ್ ಇದ್ದದ್ದು ಕಾರಿಗೆ, ಚಾರ್ಜ್ ತೆಗೆದುಕೊಂಡದ್ದು ಅಮ್ಮಾಜಮ್ಮ. ಮುನಿನಾರಾಯಣಪ್ಪನ ಹೆಂಡತಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಕಾರಿನ ಮೂತಿಗೆ ಕುಂಕುಮ ಬಳಿದು, ಹೇಳದೆ ಕೇಳದೆ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಳು.

"ನೀನ್ ಯಾಕೆ?" ಎಂದ ಮುನಿನಾರಾಯಣಪ್ಪ.

"ನೀನ್ ಓಡಿಸೋದ್ನ ಒಂದ್ಸಲಾನಾದ್ರೂ ನೋಡ್ಬೇಕಲ್ಲ? ಗಣೀಲಿ ಎಂಗುಸ್ರನ್ನ ಎಂಜಿನ್ ಮನೇತಾವ್ಕೆ ಬಿಟ್ಟಿದ್ರಾ?"

ಪಂದ್ಯದ ಸಾಕ್ಷಿಯಾಗಿ ಸೊಣ್ಣಪ್ಪ ಡ್ರೈವರ್ ಸೀಟಿನ ಹಿಂದೆ ಕೂತ. "ಏಸಿ ಗಾಳಿ ನಂಗಾಗಲ್ಲಪ್ಪಾ," ಎಂದು ಟವೆಲನ್ನು ಮೂಗು ಬಾಯಿಗೆ ಸುತ್ತಿಕೊಂಡ. ಮುಂದೆ ಎಡಗಡೆ ನರೇಶ.

"ಸರ್, ಇದ್ರಲ್ಲಿ ಕ್ಲಚ್ ಇಲ್ಲ, ಗೇರ್ ಇಲ್ಲ. ಇದನ್ನ ಒತ್ತಿದ್ರೆ ಹೋಗುತ್ತೆ, ಇದನ್ನ ಒತ್ತಿದ್ರೆ ನಿಲ್ಲುತ್ತೆ. ಕಾಲು ತೆಗೆದ್ರೆ ತಾನೇ ನಿಧಾನ ಆಗಿ, ಕರೆಂಟು ವಾಪಸ್ ಬ್ಯಾಟ್ರಿಗೆ ಹೋಗುತ್ತೆ."

ಮುನಿನಾರಾಯಣಪ್ಪನ ಮುಖ ಅರಳಿತು. ಕ್ಲಚ್ಚೆಂಬ ಭೂತವೇ ಅವನನ್ನು ಅರ್ಧ ರಾತ್ರಿ ಎಚ್ಚರವಿಟ್ಟಿತ್ತು. "ನಮ್ ಎಂಜಿನ್ನೂ ಇಂಗೇ ಇತ್ತಪ್ಪಾ! ಹಿಡಿಕೆ ಒಂದೇ." ಅಂಗಿಯ ಗುಂಡಿ ಹಾಕಿಕೊಂಡು, ಎರಡು ಕೈಯನ್ನೂ ಸ್ಟೀರಿಂಗಿನ ಮೇಲಿಟ್ಟು, ಕನ್ನಡಿಯಲ್ಲಿ ಎಲ್ಲರನ್ನೂ ಗದರಿದ: "ಇನ್ಮೇಲೆ ಯಾರೂ ಮಾತಾಡಂಗಿಲ್ಲ. ಡ್ರೈವರ್ ಜತೆ ಮಾತಾಡಬಾರ್ದು. ಅದು ರೂಲು."

ಯಾರೂ ಮಾತಾಡಲಿಲ್ಲ. ಕಾರೂ ಹೊರಡಲಿಲ್ಲ. ಒಂದು ನಿಮಿಷವಾಯಿತು, ಮೂರಾಯಿತು. ಸುತ್ತ ನಿಂತ ಜನ ಹಣ್ಣು ಕಾಯಿ ಇಲ್ಲದ ಪ್ರದಕ್ಷಿಣೆ ಮುಗಿಸಿದರು.

"ಸರ್, ಹೊರಡೋಣ?" ನರೇಶ ಪಿಸುಗುಟ್ಟಿದ.

"ಗಂಟೆ ಆಗ್ಲಿ."

"ಹತ್ತೂಕಾಲು ಆಯ್ತು ಸರ್."

"ಆ ಗಂಟೆ ಅಲ್ಲಪ್ಪಾ. ಗಂಟೆ ಆಗ್ದೆ ಡ್ರೈವರ್ ಬಿಡಂಗಿಲ್ಲ. ಬಿಟ್ರೆ ಕೇಜಿಗೆ ಕಾಲಿಕ್ಕಿರೋನು ಅರ್ಧ ಒಳಗೆ, ಅರ್ಧ ಒರಗೆ."

ನರೇಶನಿಗೆ ಅರ್ಥವಾಗಲಿಲ್ಲ. ಬಗ್ಗಿ ತನ್ನ ಫೋನಿನಲ್ಲಿ ಅಪಘಾತದ ವಿಮೆಯ ಕಾಗದ ಹುಡುಕತೊಡಗಿದ. ಆಗ ಎಲ್ಲಿಂದಲೋ ಕೇಳಿಸಿತು: ಟಣ್. ಟಣ್. ಟಣ್.

ಮುನಿನಾರಾಯಣಪ್ಪನ ಬೆನ್ನು ನೆಟ್ಟಗಾಯಿತು. ಇಪ್ಪತ್ತನಾಲ್ಕು ವರ್ಷದ ಮೇಲೆ ಕೇಳಿದ ಸದ್ದು. ಅದೇ ಬಿಡುವು, ಕೊನೆಗೆ ಅದೇ ಕಂಚಿನ ಗುಂಯ್. "ಮೂರು! ಕೇಳ್ತೇನ್ಲಾ ಸೊಣ್ಣಾ? ಈ ಕಾರ್ ಮಾಡಿದೋನು ಯಾರೋ ನಮ್ ನಂದಿದುರ್ಗದೋನೇ ಕಣ್ಲಾ!"

"ಊಂ, ಕೇಳ್ತು," ಎಂದ ಸೊಣ್ಣಪ್ಪ, ಟವೆಲಿನೊಳಗಿನಿಂದ.

ಕಾರು ಹೊರಟಿತು. ಹೇಗೆ ಹೊರಟಿತು ಅಂದರೆ, ಚಕ್ರದ ಕೆಳಗಿನ ನಿಂಬೆಹಣ್ಣಿಗೂ ತಾನು ಯಾವಾಗ ಅಪ್ಪಚ್ಚಿಯಾದೆ ಎಂದು ತಿಳಿಯಲಿಲ್ಲ. ನಲವತ್ತು ಜನರನ್ನು ಕತ್ತಲೆಗೆ ಇಳಿಸುವಾಗ ಒಬ್ಬನ ಬುತ್ತಿಯ ಸಾರೂ ತುಳುಕದಂತೆ ಇಳಿಸಿದ ಕೈ ಅದು. ನರೇಶ ಮೊದಲು ಸೀಟಿನ ಅಂಚನ್ನು ಬಿಟ್ಟ, ಆಮೇಲೆ ಉಸಿರು ಬಿಟ್ಟ. ಕಿಟಕಿಯಾಚೆ ಮುಚ್ಚಿದ ಗಣಿಬಾವಿಗಳ ಕಬ್ಬಿಣದ ಗೋಪುರಗಳು, ಚಿನ್ನ ಸೋಸಿ ಸುರಿದ ಬೂದಿ ಬಣ್ಣದ ಸೈನೈಡ್ ದಿಬ್ಬಗಳು ಹಿಂದೆ ಸರಿದವು. ಆ ದಿಬ್ಬದ ಮಣ್ಣೆಲ್ಲ ತನ್ನ ಹಿಡಿಕೆಯಿಂದಲೇ ಮೇಲೆ ಬಂದದ್ದು ಎನಿಸಿ ಮುನಿನಾರಾಯಣಪ್ಪ ಒಂದು ಸಲ ಮೆಲ್ಲಗೆ ಹಾರನ್ ಒತ್ತಿ ನಮಸ್ಕಾರ ಹೇಳಿದ.

ಪೇಟೆಯ ನಟ್ಟನಡುವೆ, ಹೂವಿನವರ ಸಾಲಿನ ಮುಂದೆ, ಒಂದೇ ಒಂದು ಟಣ್.

ಕಾರು ಮೊಳೆ ಹೊಡೆದಂತೆ ನಿಂತಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಆಟೋಗಳು, ಆಟೋಗಳ ಹಿಂದೆ ಕ್ಯಾಸಂಬಳ್ಳಿಯಿಂದ ಹಾಲಿನ ಕ್ಯಾನು ಹೇರಿಕೊಂಡು ಬಂದ ಬೈಕುಗಳು. ಹಾರನ್ನುಗಳ ಗಲಾಟೆಗೆ ಹೂವಿನವಳ ಮೊಳ ಗೇಣಾಯಿತು. ಬಸ್ಸಿನ ಕಂಡಕ್ಟರ್ ಇಳಿದು ಬಂದ.

"ಏನ್ ತಾತ, ಯಾಕಪ್ಪಾ ನಿಂತ್ಬಿಟ್ಟೆ?"

"ಗಂಟೆ ಆಯ್ತು."

"ಗಂಟೆ ಆಯ್ತು ಅಂತ್ಲೇ ನಾನೂ ಒದ್ದಾಡ್ತಿರೋದು! ಬಂಗಾರ್‌ಪೇಟೆ ರೈಲು ಇಡೀಬೇಕು ಜನ! ತೆಗಿ ಗಾಡಿ!"

"ಒಂದಾದ್ರೆ ನಿಲ್ಬೇಕು. ಮೂರಾದ್ರೆ ಓಗ್ತೀನಿ."

ಕಂಡಕ್ಟರ್ ತನ್ನ ಸೀಟಿ ತೆಗೆದು ಎರಡು ಸಲ ಊದಿದ. ಮುನಿನಾರಾಯಣಪ್ಪ ಕರುಣೆಯಿಂದ ನೋಡಿದ. "ಅದು ನಿನ್ ಗಾಡೀದು ತಂದೆ. ನಂದು ಬೇರೆ." ನರೇಶ ಸ್ಟೀರಿಂಗಿಗೆ ಕೈ ಚಾಚಿದ, ಮುನಿನಾರಾಯಣಪ್ಪ ಆ ಕೈಯನ್ನು ಎತ್ತಿ ಅವನ ತೊಡೆಯ ಮೇಲೇ ಇಟ್ಟ. ಪೊಲೀಸಿನವನು ಈ ಕಡೆಗೆ ಹೆಜ್ಜೆ ಹಾಕುವುದು ಕಂಡದ್ದೇ ತಡ, ಟಣ್ ಟಣ್ ಟಣ್! ಈ ಸಲ ಗಂಟೆಗೂ ಸ್ವಲ್ಪ ಗಾಬರಿಯಾದಂತಿತ್ತು. ಕಾರು ಹೂವಿನಂತೆ ಜಾರಿತು.

"ನೋಡ್ದಾ, ಪೊಲೀಸ್ ಬಂದ್ರೆ ಅದಕ್ಕೇ ಗೊತ್ತಾಗ್ತದೆ," ಎಂದ ಮುನಿನಾರಾಯಣಪ್ಪ ಕಾರಿನ ಬುದ್ಧಿಗೆ ಮೆಚ್ಚಿ. ಹಿಂದಿನ ಸೀಟಿನಲ್ಲಿ ಟವೆಲಿಗೆ ಕೆಮ್ಮು ಬಂತು. ಅಮ್ಮಾಜಮ್ಮ ಸೊಣ್ಣಪ್ಪನನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ, ಏನೋ ಯೋಚಿಸುತ್ತಾ ಸೆರಗು ಸರಿಮಾಡಿಕೊಂಡಳು.

ಬಂಗಾರಪೇಟೆ ಬಂತು. ಸ್ಟೇಷನ್ನಿನ ದಿಕ್ಕಿನಿಂದ ಪುದೀನದ ವಾಸನೆ ತೇಲಿ ಬಂತು. ಗಾಡಿಗಳ ಮುಂದೆ ದೊನ್ನೆ ಹಿಡಿದ ಜನ, ದೊನ್ನೆಯಲ್ಲಿ ಪಾನಿಪುರಿ. ನೋಡಿದರೆ ಬರಿಯ ನೀರು, ಬಾಯಿಗಿಟ್ಟರೆ ಬೆಂಕಿ. ಇನ್ನು ತಿರುಗಿಸಿ ಹೊರಟರೆ ತಗಡು ಗೆದ್ದ ಹಾಗೆ. ಮುನಿನಾರಾಯಣಪ್ಪ ಮನಸ್ಸಿನಲ್ಲೇ ಸೊಣ್ಣಪ್ಪನ ಕೋಳಿಗಳಿಗೆ ಸಂತಾಪ ಹೇಳುತ್ತಿದ್ದ. ಆಗ ಬಂತು ಗಂಟೆ, ಈ ಸಲ ಸಣ್ಣ ದನಿಯಲ್ಲಿ: ಟಿಣ್ ಟಿಣ್.

ಎರಡು! ದನಿ ಸಣ್ಣಗಿದೆ ಅಂದರೆ ಬಹಳ ಆಳದಿಂದ ಬಂದಿದೆ. ಎರಡೆಂದರೆ ಇಳಿಸು. ಎಲ್ಲಿಗೆ? ಅಂಗೈಯಷ್ಟು ಸಪಾಟಾದ ಊರಿನಲ್ಲಿ ಇಳಿಸುವುದಾದರೂ ಎಲ್ಲಿ? ಅವನ ಕಣ್ಣು ಎಡಕ್ಕೆ ಬಿತ್ತು. ಕಲ್ಯಾಣ ಮಂಟಪ; ಪಕ್ಕದಲ್ಲಿ ನೆಲಮಾಳಿಗೆಗೆ ಇಳಿಜಾರು; ಕೆಳಗೆ ಕತ್ತಲೆ. ಇಪ್ಪತ್ತಾರು ವರ್ಷ ಕತ್ತಲೆಗೆ ಇಳಿಸಿದವನಿಗೆ ಇನ್ನೇನು ಬೇಕು?

"ಸರ್! ಸರ್! ಅದು ಮದುವೆ ಮನೆ!" ನರೇಶ ರೂಲು ಮುರಿದ.

ಕಾರು ಅದಾಗಲೇ ಇಳಿದು, ಕುದಿಯುವ ಸಾರಿನ ಕೊಳದಪ್ಪಲೆಯಿಂದ ಒಂದು ಗೇಣು ದೂರದಲ್ಲಿ, ಅಡುಗೆಯವನ ಸೌಟಿಗೂ ಬೆವರು ಬರುವಂತೆ ನಿಂತಿತ್ತು. ಮೇಲಿನಿಂದ ಯಾರೋ ಕೂಗಿದರು: "ಗಂಡಿನ ಕಾರ್ ಬಂತು ಕಣ್ರೋ! ಸೌಂಡೇ ಇಲ್ದೆ ಬಂತಲ್ಲ!" ಕಾರಿಗೆ ಹೂವು ಕಟ್ಟುವವರು ನಾಲ್ವರು ಬಂದು ಮುತ್ತಿಕೊಂಡರು. ಇದು ಗಂಡಿನದಲ್ಲ, ಕಂಪನಿಯದು ಎಂದು ನರೇಶ ಕೈಮುಗಿದು ಬಿಡಿಸುವಷ್ಟರಲ್ಲಿ ಕಾರಿನ ಮೂತಿಗೆ ಅರ್ಧ ಮದುವೆ ಆಗಿಹೋಗಿತ್ತು. ಸೊಣ್ಣಪ್ಪ ಅಡುಗೆಯವನಿಗೆ ಸಮಾಧಾನ ಹೇಳುವ ನೆವದಲ್ಲಿ ಎರಡು ಬಜ್ಜಿ ತಿಂದ.

ಈ ಗಲಾಟೆಯಲ್ಲಿ ಅಮ್ಮಾಜಮ್ಮ ಇಳಿದು ಹೋದದ್ದು ಯಾರಿಗೂ ಕಾಣಲಿಲ್ಲ. ಹತ್ತು ನಿಮಿಷದ ಮೇಲೆ ಬಂದು ಕೂತಳು. ಕಣ್ಣಲ್ಲಿ ಧಾರಾಕಾರ ನೀರು, ಮೂಗು ಕೆಂಪು. ಮುನಿನಾರಾಯಣಪ್ಪ ಅದನ್ನು ಕನ್ನಡಿಯಲ್ಲಿ ನೋಡಿದ. ಗಂಡ ಓಡಿಸಿದ್ದನ್ನು ನೋಡಿ ಹೆಂಡತಿಗೆ ಅಷ್ಟೊಂದು ಹೆಮ್ಮೆ!

"ಅಳ್ಬೇಡ ಇವ್ಳೇ," ಎಂದ.

ಅವಳು ಬಾಯಿಂದ ಉಸ್ ಉಸ್ ಎಂದು ಗಾಳಿ ಬಿಟ್ಟಳೇ ಹೊರತು ಮಾತಾಡಲಿಲ್ಲ. ಟಣ್ ಟಣ್ ಟಣ್, ಮೂರಾಯಿತು. ಹೊರಟರು.

ವಾಪಸಾಗುವಾಗ ಒಂದೂ ಗಂಟೆ ಇಲ್ಲ, ಒಂದೂ ಗೀರಿಲ್ಲ. ಲೈನಿನ ಮುಂದೆ ಹೂವಿನ ಹಾರ ಹೊತ್ತ ಕಾರು ಬಂದು ನಿಂತಾಗ ರಾಧಾಮಣಿ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ ತಾತಾ, ತಗೊಂಡೇಬಿಟ್ರಾ? ನನ್ ಫೋನೆಲ್ಲಿ?"

ಮುನಿನಾರಾಯಣಪ್ಪ ರಾಜನಂತೆ ಇಳಿದ. "ಲೋ ಸೊಣ್ಣಾ, ತಗಡು ಎಲ್ಲಿರ್ಬೇಕು ಏಳು?"

"ಅಲ್ಲೇ ಇರ್ಲಿ ಕಣಪ್ಪಾ," ಎಂದ ಸೊಣ್ಣಪ್ಪ ಬಲು ವಿನಯದಿಂದ.

ನರೇಶ ಅಭಿಪ್ರಾಯದ ಫಾರಂ ಕೊಟ್ಟ. ಮುನಿನಾರಾಯಣಪ್ಪ ಕಾರಿನ ಮೂತಿಯ ಮೇಲಿಟ್ಟು, ಮಾಲೆ ಸರಿಸಿ, ಮುತ್ತಿನಂಥ ಅಕ್ಷರದಲ್ಲಿ ಬರೆದ: 'ಎಲ್ಲವೂ ಚೆನ್ನಾಗಿದೆ. ಗಂಟೆ ಬಹಳ ಚೆನ್ನಾಗಿದೆ. ನಮ್ಮ ನಂದಿದುರ್ಗದ ಪದ್ಧತಿಯನ್ನು ಉಳಿಸಿಕೊಂಡ ಕಂಪನಿಯವರಿಗೆ ನಮಸ್ಕಾರಗಳು.'

ನರೇಶ ಎರಡು ಸಲ ಓದಿದ. "ಸರ್, ಇದ್ಯಾವ ಗಂಟೆ?"

"ದಾರೀಲೆಲ್ಲ ಒಡೀತಲ್ಲಪ್ಪಾ, ಮೂರು, ಒಂದು, ಎರಡು ಅಂತ!"

"ಅದು ನಿಮ್ಮ ಫೋನಲ್ವಾ ಸರ್? ಹಾರನ್ ಬಿಟ್ಟು ಕಾರಿನ ಸೌಂಡೆಲ್ಲ ಬೆಳಿಗ್ಗೇನೇ ಆಫ್ ಮಾಡಿದೀನಿ. ನಿನ್ನೆ ಬಂದ ಗಿರಾಕಿ ತಲೆನೋವು ಅಂದ್ರು ಅಂತ."

"ನನ್ ಫೋನು ಮನೇಲೈತೆ."

ಮುನಿನಾರಾಯಣಪ್ಪ ನಿಧಾನವಾಗಿ ತಿರುಗಿದ. ಸೊಣ್ಣಪ್ಪನ ಟವೆಲು ಗಾಳಿಯಿಲ್ಲದೆ ಅಲ್ಲಾಡುತ್ತಿತ್ತು. ಸೊಣ್ಣಪ್ಪ ಅದನ್ನು ಮೂಗಿನಿಂದ ಕೆಳಗಿಳಿಸಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಒಂದೇ ಒಂದು ಹೊಡೆದ: "ಟಣ್."

ಮುನಿನಾರಾಯಣಪ್ಪನ ಬಲಗಾಲು ತಾನೇ ನೆಲವನ್ನು ಒತ್ತಿ ಬ್ರೇಕು ಹುಡುಕಿತು. ಇಡೀ ಲೈನು ಅದನ್ನು ನೋಡಿತು.

"ಲೋ ಸೊಣ್ಣಾ! ಮನೆಹಾಳ! ಪೇಟೆ ಮಧ್ಯದಲ್ಲಿ ನಿಲ್ಲಿಸ್ದೋನು ನೀನೇನ್ಲಾ?"

"ನೀನು ಗಂಟೆ ಇಲ್ದೆ ಒರಡಲ್ಲ ಅಂತ ಕುಂತ್ಯಲ್ಲ, ಸಾಯಂಕಾಲಗಂಟ ಇಲ್ಲೇ ಕುಂತಿರೋಕಾಗ್ತದಾ? ಮೂರು ಒಡೆದೆ. ಅವತ್ತು ಗಣೀಲಿ ಒಂದ್ ಒಡೆದು ನಿಲ್ಲಿಸ್ದೋನು ನಾನೇ ಅಲ್ವಾ. ಅದಾದ್ಮೇಲೆ ಈ ಮೂರು ಗಂಟಲಲ್ಲೇ ಉಳ್ಕೊಂಡಿತ್ತು ಕಣ್ಲಾ." ಸೊಣ್ಣಪ್ಪ ಕಣ್ಣೊರೆಸಿಕೊಂಡ. "ಪೇಟೇಲಿ ಒಡೆದ ಒಂದು ಮಾತ್ರ ಸುಮ್ನೆ ತಮಾಷೆಗೆ."

"ಮತ್ತೆ ಎರಡು ಒಡೆದು ನನ್ನ ಮದ್ವೆಮನೆ ಸಾರಿಗೆ ಇಳಿಸ್ದೆಯಲ್ಲ, ಅದು?"

ಸೊಣ್ಣಪ್ಪನ ನಗು ನಿಂತಿತು. "ದೇವ್ರಾಣೆಗೂ ಆ ಎರಡು ನಾನ್ ಒಡೆದಿಲ್ಲ ಕಣ್ಲಾ. ಅದು ಕೇಳ್ದಾಗ ನಂಗೇ ಎದೆ ಧಸಕ್ ಅಂತು, ಕಾರೇ ಒಡೀತೇನೋ ಅಂತ!"

ನರೇಶ ಕಾರನ್ನು ನೋಡಿದ. ಸೊಣ್ಣಪ್ಪ ನರೇಶನನ್ನು ನೋಡಿದ. ಮುನಿನಾರಾಯಣಪ್ಪನ ಮೂಗಿಗೆ ಎಲ್ಲಿಂದಲೋ ಪುದೀನದ ವಾಸನೆ ಬಡಿಯಿತು. ವಾಸನೆಯ ಜಾಡು ಹಿಡಿದು ತಿರುಗಿದರೆ, ಅಮ್ಮಾಜಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ನೀನಾ?"

"ಮತ್ತೇನ್ ಮಾಡ್ಲಿ? ಮಾತಾಡಂಗಿಲ್ಲ ಅಂದ್ಯಲ್ಲ! ಬಂಗಾರ್‌ಪೇಟೇಲಿ ಒಂದ್ ಪಾನಿಪುರಿ ಕೊಡ್ಸು, ಇಳಿಸು ಅಂತ ಇಪ್ಪತ್ ವರ್ಷದಿಂದ ಬಾಯಲ್ ಏಳ್ತಿದ್ದೀನಿ, ಕಿವಿಗಾಕ್ಕೊಂಡಿದ್ದೀಯಾ? ಸೊಣ್ಣಪ್ಪಣ್ಣ ಟವೆಲ್ನಾಗೆ ಒಡೆಯೋದು ಪಕ್ಕದಲ್ಲೇ ಕುಂತಿರೋಳ್ಗೆ ಕೇಳಲ್ವಾ? ನಾನೂ ಸೆರಗು ಬಾಯಿಗಿಟ್ಕೊಂಡು ಎರಡು ಒಡೆದೆ. ಒಂದೇ ಸಲಕ್ಕೆ ಇಳಿಸ್ದೆ!"

"ಎರಡಾದ್ರೆ ಇಳಿಸೋದು ಅಂತ ನಿಂಗ್ಯಾರು ಏಳ್ಕೊಟ್ಟಿದ್ದು?"

"ನೀನೇ. ಮದ್ವೆ ಆದಾಗ್ಲಿಂದ ನಿದ್ದೇಲಿ ಟಣ್ ಟಣ್ ಅಂತ ಗೊಣಗಿ, ಎರಡು, ಇಳಿಸು ಅಂತ ನನ್ನೇ ಮಂಚದಿಂದ ಕೆಳೀಕ್ ತಳ್ತಿದ್ಯಲ್ಲ!"

ಅಷ್ಟರಲ್ಲಿ ಸೊಣ್ಣಪ್ಪ ರಾಧಾಮಣಿಯ ಮನೆಯಿಂದ ಸೀಮೆಸುಣ್ಣ ತಂದು, ಬೋರ್ಡಿನಲ್ಲಿ 'ಡ್ರೈವರ್' ಎಂಬುದರ ಕೆಳಗೆ ದುಂಡಗೆ 'ದಯವಿಟ್ಟು ಗಂಟೆ ಹೊಡೆಯಿರಿ' ಎಂದು ಬರೆದೂ ಆಗಿತ್ತು. ಮುನಿನಾರಾಯಣಪ್ಪ ಅಳಿಸಲೆಂದು ಕೈ ಎತ್ತಿದ. ಹಿಂದಿನಿಂದ ಟಣ್ ಎಂದಿತು. ಕೈ ಗಾಳಿಯಲ್ಲೇ ನಿಂತಿತು.

"ಊಟಕ್ಕೆ ಬಾ," ಎಂದು ಒಳಗೆ ಹೋದ ಅಮ್ಮಾಜಮ್ಮ, ಹೇಳಿ ಪ್ರಯೋಜನವಿಲ್ಲವೆಂದು ನೆನಪಾಗಿ, ಅಡುಗೆಮನೆಯಿಂದ ಮೂರು ಹೊಡೆದಳು: "ಟಿಣ್ ಟಿಣ್ ಟಿಣ್."

ಮುನಿನಾರಾಯಣಪ್ಪನ ಕಾಲು ಅವನನ್ನು ಕೇಳದೆ ಹೊಸಿಲು ದಾಟಿತು. ಲೈನಿಗೆ ಲೈನೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನರೇಶ ಹಾರದ ಮೇಲೆ ಬಿದ್ದು ನಕ್ಕ. ಅಷ್ಟರಲ್ಲಿ ಮನೆಯೊಳಗಿನಿಂದ ಇನ್ನೊಂದು ನಗು ಹೊರಟಿತು. ಮೂರು ಸಾವಿರ ಅಡಿ ಆಳದಿಂದ ಗಡಗಡ ಸದ್ದು ಮಾಡುತ್ತಾ ಮೇಲೇರುವ ಕೇಜಿನಂತೆ ಏರಿ ಏರಿ, ಮಿಕ್ಕ ನಗುವನ್ನೆಲ್ಲ ಮುಚ್ಚಿಹಾಕಿತು. ಅದು ಮುನಿನಾರಾಯಣಪ್ಪನದು. ನಿಲ್ಲಿಸಲು ಸೊಣ್ಣಪ್ಪ ಒಂದು ಗಂಟೆ ಹೊಡೆದು ನೋಡಿದ. ಆ ದಿನ ಮೊದಲ ಸಲ ಡ್ರೈವರ್ ಗಂಟೆಗೆ ಕಿವಿಗೊಡಲಿಲ್ಲ.